ನಿಂತ ಮೇಲೆ ಸೋರುವ ಮಷೀನು

ರಿಪೇರಿ ಕೆಲಸದಲ್ಲಿ ಸೋರಿಕೆಯಷ್ಟು ಸುಲಭದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಎಲ್ಲಿ ಒದ್ದೆಯಾಗಿದೆಯೋ ಅದರ ಮೇಲೆಯೇ ಎಲ್ಲೋ ತೂತಿರುತ್ತದೆ, ಹುಡುಕಿ ಮುಚ್ಚಿದರೆ ಮುಗಿಯಿತು. ಕಂಪಲಾಪುರದಾಚೆಯ ಒಂದು ಮನೆ ನನ್ನ ಈ ನಂಬಿಕೆಯನ್ನು ಹತ್ತು ದಿನದಲ್ಲಿ ಮಣ್ಣುಪಾಲು ಮಾಡಿತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಮ್ಮ ಕಡೆ ಮಾರಿದ ಯಂತ್ರಗಳ ದುರಸ್ತಿಯನ್ನು ಮೈಸೂರಿನ ಒಂದು ಅಂಗಡಿಯವರು ಹುಣಸೂರಿನಲ್ಲಿದ್ದ ನನಗೆ ಒಪ್ಪಿಸಿದ್ದರು. ಹಾಗಾಗಿಯೇ ಆ ಮನೆಯ ಸೊಸೆ ಒಂದು ಬೆಳಿಗ್ಗೆ ಫೋನು ಮಾಡಿದ್ದು. ಪಾತ್ರೆ ತೊಳೆಯುವ ಮಷೀನು ಸೋರುತ್ತಿದೆ ಎಂದರು. ಬಟ್ಟೆ ಒಗೆಯುವುದೋ ಎಂದು ನಾನು ಎರಡು ಸಲ ಕೇಳಿದೆ. ಹೊಗೆಸೊಪ್ಪು ಬೆಳೆಯುವ ಹಳ್ಳಿಯೊಳಗೆ ಡಿಶ್‌ವಾಷರ್ ಬಂದಿದೆ ಎಂದರೆ ನನಗೂ ನಂಬಿಕೆ ಬರಲಿಲ್ಲ. ಅದರ ಒಳಗನ್ನು ನಾನು ನೋಡಿದ್ದು ಮೈಸೂರಿನ ಎರಡು ದಿನದ ತರಬೇತಿಯಲ್ಲಿ ಮಾತ್ರ. ಅದನ್ನು ಅವರಿಗೆ ಹೇಳಲಿಲ್ಲ. "ನಾಳೆನೇ ಬತ್ತೀನಿ ತಾಯಿ, ಅರ್ಧ ಗಂಟೆ ಕೆಲಸ" ಎಂದೆ. ನನ್ನ ಬಾಯಿಗೆ ಬೀಗ ಇರಲಿಲ್ಲ.

ಮಷೀನು ಆ ಮನೆಗೆ ಶೋಕಿಗೆ ಬಂದದ್ದಲ್ಲ. ಸೊಸೆಯ ಎರಡೂ ಕೈ ಬಿರುಕು ಬಿಟ್ಟಿದ್ದವು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಇನ್ನು ಸೋಪಿನ ನೀರಿಗೆ ಕೈ ಇಡಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಂತೆ. ರಬ್ಬರ್ ಗ್ಲೌಸು ಹಾಕಿದರೆ ಬೆವರಿ ಇನ್ನೂ ಉರಿ. ಆದರೆ ಅದು ಹೊಗೆಸೊಪ್ಪನ್ನು ಬ್ಯಾರನ್ ಎಂಬ ಸೌದೆ ಒಲೆಯ ಮನೆಯಲ್ಲಿ ಬೇಯಿಸಿ ಒಣಗಿಸುವ ಕಾಲ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಲು ಬರುವ ಹೆಂಗಸರೂ ಸೇರಿ ದಿನಕ್ಕೆ ಹದಿನೈದು ಮಂದಿಗೆ ಆ ಮನೆಯಲ್ಲಿ ಊಟ. ಪಾತ್ರೆ ತೊಳೆಯಲು ಜನ ಸಿಗುತ್ತಿರಲಿಲ್ಲ, ಅತ್ತೆಗೆ ಬಗ್ಗಿದರೆ ಏಳಲಾಗುತ್ತಿರಲಿಲ್ಲ. ಸೊಸೆಯ ಹಟಕ್ಕೆ ಅವರ ಗಂಡ, ಮನೆಯ ಯಜಮಾನ, ಮಣಿದು ಮಷೀನು ತಂದಿದ್ದ. ಈಗ ಅದು ವಾರಕ್ಕೆ ಮೂರು ಸಲ ನೆಲದ ಮೇಲೆ ನೀರು ಬಿಡುತ್ತಿತ್ತು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬೇಯಿಸಿದ ಸೊಪ್ಪು ಪೇರಿಸಿಟ್ಟಿದ್ದರು. ಅದಕ್ಕೆ ನೀರು ತಾಗಿದರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಹಾಳು.

ಮೊದಲ ದಿನ ನಾನು ಹೋದಾಗ ಅಡುಗೆಮನೆ ಕನ್ನಡಿಯ ಹಾಗಿತ್ತು. ನೆಲ ಸಾರಿಸಿ ಒರೆಸಿದ್ದರು. ಮಷೀನಿನ ಒಳಗೆ ಒಂದು ಲೋಟವೂ ಇರಲಿಲ್ಲ. ನೀರು ಹೊರಹೋಗುವ ಪೈಪು ಕಿಟಕಿಯ ಮೂಲಕ ಹಾದು, ಹೊರಗಿನ ಚರಂಡಿಯ ಮೇಲೆ ಗೋಡೆಯ ಕೊಕ್ಕೆಗೆ ನೇತುಬಿದ್ದಿತ್ತು. ಎಲ್ಲವೂ ಪುಸ್ತಕದಲ್ಲಿ ಚಿತ್ರ ಬರೆದಂತೆ. ಬಾಗಿಲ ಸುತ್ತ ಇರುವ ರಬ್ಬರ್ ಪಟ್ಟಿಯನ್ನು ನೋಡಿದೆ. ಕೆಳಗಿನ ಮೂಲೆಯಲ್ಲಿ ರಾಗಿ ಹಿಟ್ಟು ಒಣಗಿ ಸಿಮೆಂಟಿನಂತೆ ಕೂತಿತ್ತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಅದನ್ನು ಬಿಸಿನೀರಲ್ಲಿ ನೆನೆಸಿ ಕೆರೆದು ತೆಗೆದೆ. ನೆಲ ಬಚ್ಚಲ ಕಡೆಗೆ ಇಳಿಜಾರು ಇದ್ದುದರಿಂದ ಮುಂದಿನ ಎರಡು ಕಾಲನ್ನು ತಿರುಗಿಸಿ ಎತ್ತರಿಸಿ ಮಟ್ಟ ಮಾಡಿದೆ. ಖಾಲಿ ಮಷೀನನ್ನು ಪೂರ್ತಿ ಒಂದು ಸುತ್ತು ಓಡಿಸಿದೆ. ಒಂದು ತೊಟ್ಟು ನೀರು ಹೊರಗೆ ಬರಲಿಲ್ಲ.

ಹೊರಡುವಾಗ ಸೊಸೆ ಬಾಗಿಲ ಹತ್ತಿರ ನಿಂತು ಹೇಳಿದರು. "ಅಣ್ಣ, ಓಡೋವಾಗ ಸೋರಲ್ಲ ಇದು. ನಿಂತ್ ಮೇಲೆ ಸೋರ್ತದೆ."

"ನಿಂತಿರೋ ಮಷೀನು ಎಲ್ಲಾದ್ರೂ ಸೋರ್ತದಾ ತಾಯಿ? ಓಡುವಾಗ ಸೋರಿದ್ದು ನಿಮ್ ಕಣ್ಣಿಗೆ ಆಮೇಲೆ ಬೀಳ್ತದೆ, ಅಷ್ಟೆ" ಎಂದೆ ನಾನು, ದೊಡ್ಡ ಪಂಡಿತನ ಹಾಗೆ.

ಆ ಹೆಣ್ಣುಮಗಳ ಮಾತನ್ನು ನಾನು ಅಂದೇ ಕಿವಿಗೆ ಹಾಕಿಕೊಂಡಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ.

ನಾಲ್ಕನೇ ದಿನಕ್ಕೆ ಮತ್ತೆ ಫೋನು. ಈ ಸಲ ಮಷೀನನ್ನು ಗೋಡೆಯಿಂದ ಎಳೆದು, ಅಡಿಯ ತಗಡು ಬಿಚ್ಚಿ, ನೆಲದ ಮೇಲೆ ಅಂಗಾತ ಮಲಗಿದೆ. ನೀರು ಬರುವ ವಾಲ್ವು, ಪೈಪುಗಳ ಕ್ಲಿಪ್ಪು, ಪಂಪಿನ ಸೀಲು ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಅಡಿಯಲ್ಲಿ ಹಳೆಯ ನ್ಯೂಸ್‌ಪೇಪರ್ ಹಾಸಿದೆ. ಮೊದಲ ಹನಿ ಎಲ್ಲಿ ಬಿದ್ದರೂ ಕಾಗದದ ಮೇಲೆ ಕಲೆ ಮೂಡುತ್ತದೆ, ಅಲ್ಲಿಂದ ನೇರ ಮೇಲೆ ನೋಡಿದರೆ ಸಾಕು. ಟಾರ್ಚು ಹಿಡಿದು ಮುಕ್ಕಾಲು ಗಂಟೆ ಮಲಗಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಆ ಹಳ್ಳಿಗೆ ಹಗಲು ಕರೆಂಟು ಬರುತ್ತಿದ್ದುದೇ ಪಾಳಿಯಲ್ಲಿ. ಕಾದು, ಬಂದ ಮೇಲೆ ಮತ್ತೆ ಮೊದಲಿನಿಂದ ಓಡಿಸಿದೆ. ಕಾಗದ ಗರಿಗರಿಯಾಗಿಯೇ ಇತ್ತು.

ಅಷ್ಟು ಹೊತ್ತೂ ಅತ್ತೆ ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಜೀವ.

"ಒಳಗೇನಾದ್ರೂ ಸಿಕ್ತೇನಪ್ಪ?" ಎಂದರು.

"ಸಿಕ್ತದೆ ಬುಡಿ ಅವ್ವ."

"ಬಿಚ್ಚಿ ಬಿಚ್ಚಿ ಒಳಗಿರೋದೆಲ್ಲ ಸಡ್ಲ ಮಾಡ್ಬ್ಯಾಡ ಕಣಪ್ಪ. ಮದ್ಲೇ ಸೋರ್ತಾ ಅದೆ."

ನನಗೆ ಉರಿಯಿತು. ಆದರೆ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಯಾವ ತಪ್ಪೂ ಸಿಕ್ಕದೆ, ಸುಮ್ಮನೆ ಹೋಗಲು ನಾಚಿಕೆಯಾಗಿ, ಚೆನ್ನಾಗಿದ್ದ ಪಂಪಿನ ಸೀಲನ್ನೇ ಬದಲಾಯಿಸಿದೆ. ಊಹೆಯ ಮೇಲೆ ಸಾಮಾನು ಬದಲಾಯಿಸುವವನು ಮೆಕ್ಯಾನಿಕ್ಕೇ ಅಲ್ಲ ಎಂದು ಬೇರೆಯವರಿಗೆ ಉಪದೇಶ ಮಾಡುತ್ತಿದ್ದವನು ನಾನೇ. ಕೊನೆಗೆ ಒಳಗಿನ ಜಾಲರಿಯನ್ನು ತೊಳೆಯಲು ತೆಗೆದಾಗ ಅದರಲ್ಲಿ ಕಂದು ಬಣ್ಣದ ಸಣ್ಣ ಹೊಟ್ಟು ಸಿಕ್ಕಿಕೊಂಡಿತ್ತು. ಅದನ್ನು ನನ್ನ ಒರೆಸುವ ಬಟ್ಟೆಗೆ ಕೊಡವಿಕೊಂಡು, ಬಟ್ಟೆಯನ್ನು ಚೀಲಕ್ಕೆ ತುರುಕಿ ಹೊರಟೆ.

ಎರಡೇ ದಿನ. ಈ ಸಲ ಫೋನಿನಲ್ಲಿದ್ದವನು ಯಜಮಾನ.

"ನೋಡಿ ಸ್ವಾಮಿ, ನೀರು ಸೊಪ್ಪಿನ ರಾಶಿಗೆ ಒಂದ್ ಗೇಣು ದೂರದಲ್ಲಿ ನಿಂತದೆ ಇವತ್ತು. ನಾನೇ ನೋಡಿ ಗೋಣಿತಾಟು ಅಡ್ಡ ಹಾಕ್ದೆ. ಭಾನುವಾರ ಟೆಂಪೋ ಮೈಸೂರಿಗೆ ಓಯ್ತದೆ. ಮಷೀನು ಅದ್ರಲ್ಲೇ ವಾಪಸ್ ಓಯ್ತದೆ. ನೀವಿನ್ನು ಬರೋ ತೊಂದ್ರೆ ತಕೊಬ್ಯಾಡಿ."

ಹಿಂದಿನಿಂದ ಸೊಸೆ ಏನೋ ಹೇಳುತ್ತಿರುವುದು ಕೇಳಿಸಿತು, ಮಾತು ತಿಳಿಯಲಿಲ್ಲ. ಫೋನು ಇಟ್ಟ ಮೇಲೆ ಆ ಬಿರುಕು ಬಿಟ್ಟ ಕೈಗಳು ನನ್ನ ಕಣ್ಣೆದುರಿಗೆ ಬಂದವು. ಮಷೀನು ಹೋದರೆ ಸೋಮವಾರ ಬೆಳಿಗ್ಗೆ ಅದೇ ಕೈಗಳು ಹದಿನೈದು ತಟ್ಟೆ, ಮುದ್ದೆ ಪಾತ್ರೆ ಉಜ್ಜಬೇಕು. ಅರ್ಧ ಗಂಟೆ ಕೆಲಸ ಎಂದವನು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಂದು ಶುಕ್ರವಾರ. ಇದ್ದದ್ದು ಒಂದೇ ದಿನ. ಮೈಸೂರಿನಿಂದ ಹೊಸ ಪಂಪು ತರಿಸಿ, ಶನಿವಾರ ಹೋಗಿ, ಇಡೀ ಪಂಪನ್ನೇ ಬದಲಾಯಿಸಿಬಿಡುವುದು ನನ್ನ ಯೋಚನೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ನನ್ನ ಹೆಂಡತಿ ಒಗೆಯಲೆಂದು ಚೀಲದಿಂದ ಆ ಬಟ್ಟೆ ತೆಗೆದು ಕೊಡವಿದಳು. ಹೊಟ್ಟು ನೆಲಕ್ಕೆ ಉದುರಿತು. ಅವಳು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು. ಅವಳ ತವರು ಕೆ.ಆರ್. ನಗರದ ಕಡೆ, ದನಕರು ಇರುವ ಮನೆ.

"ಎಲ್ಲಿಗೆ ಓಗಿದ್ರಿ, ಕೊಟ್ಟಿಗೆಗಾ?" ಎಂದಳು.

"ಪಾತ್ರೆ ತೊಳೆಯೋ ಮಷೀನಿನ ಒಳಗೆ ಸಿಕ್ಕಿದ್ದು ಅದು. ತಟ್ಟೇಲಿ ಉಳಿದಿದ್ದು ಏನೋ."

"ಇದು ಬೂಸಾ ಕಣ್ರೀ. ಅಸ ತಿನ್ನೋದು. ಆ ಮನೇವ್ರು ತಟ್ಟೇಲಿ ಬೂಸಾ ಉಣ್ತಾರಾ?"

ತುತ್ತು ಕೈಯಲ್ಲೇ ಉಳಿಯಿತು. ತಟ್ಟೆಯಿಂದ ಬರದ ಬೂಸಾ ಜಾಲರಿಗೆ ಎಲ್ಲಿಂದ ಬಂತು? ಬೂಸಾ ಇರುವುದು ಹಿತ್ತಲಲ್ಲಿ. ಹಿತ್ತಲಿಗೂ ಮಷೀನಿಗೂ ಇರುವ ನಂಟು ಒಂದೇ, ನೀರು ಹೊರಹೋಗುವ ಪೈಪು. ಆದರೆ ಅದರಲ್ಲಿ ನೀರು ಹೊರಗೆ ಹೋಗಬೇಕೇ ಹೊರತು ಒಳಗೇನೂ ಬರಬಾರದು. ಇನ್ನೊಂದು ಸಂಗತಿಯೂ ಅದೇ ಹೊತ್ತಿಗೆ ಹೊಳೆಯಿತು. ನಾನು ನೋಡಿದ್ದು ಪ್ರತಿ ಸಲವೂ ರಿಪೇರಿಯವನು ಬರುತ್ತಾನೆಂದು ಸಿಂಗರಿಸಿಟ್ಟ ಅಡುಗೆಮನೆ, ಖಾಲಿ ಮಷೀನು. ಆ ಮನೆಯ ದಿನನಿತ್ಯದ ಕೆಲಸವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಪಂಪು ತರಿಸಲಿಲ್ಲ. ಶನಿವಾರ ಬರುತ್ತೇನೆಂದು ಫೋನೂ ಮಾಡಲಿಲ್ಲ. ಮಷೀನಿಗೆ ಸ್ಕ್ರೂಡ್ರೈವರ್ ತಾಗಿಸುವುದೇ ಇಲ್ಲ, ಸುಮ್ಮನೆ ಕೂತು ನೋಡುವುದು ಎಂದು ತೀರ್ಮಾನಿಸಿದೆ. ಕೈ ಸುಮ್ಮನಿರದ ನನ್ನಂಥವನಿಗೆ ಅದು ಸಣ್ಣ ತೀರ್ಮಾನವಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ, ಆಳುಗಳ ತಿಂಡಿ ಮುಗಿಯುವ ಹೊತ್ತಿಗೆ ಹೋದೆ. ನನ್ನನ್ನು ಕಂಡು ಸೊಸೆ ಗಾಬರಿಯಾಗಿ ಪೊರಕೆ ತೆಗೆದುಕೊಂಡರು.

"ಏನೂ ಮಾಡ್ಬ್ಯಾಡಿ ತಾಯಿ. ನಾನು ಬಂದಿಲ್ಲ ಅನ್ಕೊಳ್ಳಿ. ದಿನಾ ಏನ್ ಮಾಡ್ತೀರೋ ಅದ್ನೇ ಮಾಡಿ, ಆಮೇಲೆ ನಿಮ್ ಟೆಂಪೋಗೆ ಎತ್ತಾಕೋಕೆ ನಾನೇ ಕೈ ಹಾಕ್ತೀನಿ" ಎಂದೆ. ಯಜಮಾನ ಬ್ಯಾರನ್ನಿನ ಹತ್ತಿರ ಸೌದೆ ಇಳಿಸುತ್ತಿದ್ದವನು ನನ್ನ ಸ್ಕೂಟರ್ ನೋಡಿ ಬಂದು, ಮುಖ ಗಂಟು ಹಾಕಿಕೊಂಡು ಗೋಡೆಗೊರಗಿ ನಿಂತ.

ಸೊಸೆ ತಟ್ಟೆ ಪಾತ್ರೆ ಜೋಡಿಸಿದರು. ಮೊದಲು ಸೋಪಿನ ಪುಡಿ ಹಾಕದೆ ಬರಿನೀರಿನಲ್ಲಿ ಜಾಲಿಸುವ ಗುಂಡಿ ಒತ್ತಿದರು. ಮಷೀನು ಗುಂಯ್ ಎಂದಿತು. ಆಗ ಅತ್ತೆ ಎದ್ದು ಸೊಂಟ ಹಿಡಿದುಕೊಂಡು ಹಿತ್ತಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಅವರು ಕೊಕ್ಕೆಯಿಂದ ಪೈಪು ಬಿಡಿಸಿ, ಹಸುವಿನ ಕಲ್ಲುಬಾನಿಯ ಹತ್ತಿರಕ್ಕೆ ಎಳೆದು, ತುದಿಯನ್ನು ಬಾನಿಯೊಳಗೆ ಮುಳುಗಿಸಿ, ಮೇಲೆದ್ದು ಬರದ ಹಾಗೆ ಒಂದು ಕಲ್ಲು ಹೇರಿದರು. ಬಾನಿಯ ತುಂಬ ಕಲಗಚ್ಚು. ಅಕ್ಕಿ ತೊಳೆದ ನೀರು, ಮುಸುರೆ, ಮೇಲೆ ತೇಲುವ ಬೂಸಾ.

"ದಿನಾ ಇಂಗೇ ಮಾಡ್ತೀರಾ ಅವ್ವ?"

"ಊಂ ಕಣಪ್ಪ. ಅನ್ನ ಮುದ್ದೆ ಬೆರೆತಿರೋ ನೀರು. ಚರಂಡಿಗ್ಯಾಕೆ ಓಗ್ಬೇಕು? ಸೋಪಿನ ನೀರಲ್ಲ ಇದು, ಪುಡಿ ಆಕೋಕ್ ಮದ್ಲೇ ಪೈಪು ತಗ್ದು ಆ ಕಡೆ ಮಡಗ್ತೀನಿ. ಅಸೀಗೆ ಸೋಪು ಕುಡಿಸೋ ಅಷ್ಟು ಮರುಳಲ್ಲ ನಾನು."

ಮಷೀನು ಮನೆಗೆ ಬರಬೇಕಾದರೆ ಅತ್ತೆ ಹಾಕಿದ್ದ ಕರಾರು ಅದೊಂದೇ ಅಂತೆ. ಹಸುವಿನ ಪಾಲಿನ ಕಲಗಚ್ಚು ಹಸುವಿಗೇ ಸಲ್ಲಬೇಕು. ಸೊಸೆ ಒಪ್ಪಿದ್ದರು. ನಾನು ಬಂದಾಗಲೆಲ್ಲ ಪೈಪು ಕೊಕ್ಕೆಯ ಮೇಲಿರುತ್ತಿತ್ತಲ್ಲ ಎಂದು ಕೇಳಿದ್ದಕ್ಕೆ ಅತ್ತೆ, "ಬಂದವ್ರ ಮುಂದೆ ಕಲಗಚ್ಚು ಬಾನಿ ತೋರುಸ್ತಾರಾ? ಎಲ್ಲ ಅಚ್ಕಟ್ಟು ಮಾಡಿ ಮಡಗ್ತಿದ್ದೆ" ಎಂದರು.

ಒಳಗೆ ಬಂದು ಮಷೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಪಂಪು ನೀರನ್ನೆಲ್ಲ ಹೊರಗೆ ದಬ್ಬಿತು. ಸದ್ದು ನಿಂತಿತು. ಸೊಸೆ ನನ್ನನ್ನು ನೋಡಿದರು, ನಾನು ಕೈಸನ್ನೆಯಿಂದ ಕಾಯಲು ಹೇಳಿದೆ. ಸ್ವಲ್ಪ ಹೊತ್ತಿಗೆ ಪೈಪಿನೊಳಗೆ ಗುಳುಗುಳು ಶಬ್ದ. ಎರಡು ನಿಮಿಷ, ಮೂರು ನಿಮಿಷ. ಬಾಗಿಲ ಕೆಳಗಿನಿಂದ ಒಂದು ಎಳೆ ನೀರು ಇಣುಕಿ, ದಪ್ಪವಾಗಿ, ನೆಲದ ಮೇಲೆ ಹರಿಯತೊಡಗಿತು. ಬಾಗಿಲು ತೆರೆದೆ. ಅಂಚಿನವರೆಗೆ ನೀರು, ಅದರ ಮೇಲೆ ಬೂಸಾ.

ಸೋರಿಕೆ ಕಂಡು ಅಷ್ಟು ಖುಷಿಪಟ್ಟ ಮನುಷ್ಯ ಭೂಮಿಯ ಮೇಲೆ ಬೇರೆ ಇರಲಿಕ್ಕಿಲ್ಲ. ಹಿತ್ತಲಿಗೆ ಓಡಿಹೋಗಿ ಪೈಪನ್ನು ಬಾನಿಯಿಂದ ಎತ್ತಿದೆ. "ನಿಲ್ತು" ಎಂದು ಒಳಗಿನಿಂದ ಸೊಸೆ ಕೂಗಿದರು.

ಯಜಮಾನನಿಗೆ ವಿವರಿಸಲು ಒಂದೇ ಮಾತು ಸಾಕಾಯಿತು. "ಡ್ರಮ್ಮಿಂದ ಪಂಪ್‌ಸೆಟ್ಟಿಗೆ ಡೀಸೆಲ್ ಹೆಂಗೆ ಎಳೀತೀರಿ?" ಎಂದೆ. ಪೈಪಿಗೆ ಬಾಯಿ ಹಾಕಿ ಒಮ್ಮೆ ಎಳೆದರೆ ಆಮೇಲೆ ಅದು ತಾನಾಗಿಯೇ ಕೆಳಗಿನ ಕಡೆಗೆ ಇಳಿಯುತ್ತದೆ. ಆ ಮನೆಯ ಹಿತ್ತಲು ಅಡುಗೆಮನೆಗಿಂತ ಎತ್ತರ, ಬಾನಿ ಇನ್ನೂ ಎತ್ತರ. ಪಂಪು ನಿಂತಾಗ ಪೈಪಿನ ತುಂಬ ನೀರು, ತುದಿ ಕಲಗಚ್ಚಿನಲ್ಲಿ ಮುಳುಗಿದೆ. ಕಲಗಚ್ಚು ಅದೇ ಪೈಪಿನಲ್ಲಿ ತಿರುಗಿ ಮಷೀನಿಗೆ ಇಳಿಯುತ್ತಿತ್ತು. ಹಸು ಕುಡಿದು ಬಾನಿ ತಗ್ಗಿದ್ದ ದಿನ ಸೋರುತ್ತಿರಲಿಲ್ಲ, ತುಂಬಿದ್ದ ದಿನ ಸೋರುತ್ತಿತ್ತು. ಮಷೀನಿನಲ್ಲಿ ಒಂದೇ ಒಂದು ತೂತೂ ಇರಲಿಲ್ಲ. ನಿಂತ ಮೇಲೆ ಸೋರುತ್ತದೆ ಎಂದ ಸೊಸೆಯ ಮಾತು ಅಕ್ಷರಶಃ ನಿಜ. ಅಲ್ಲೇ ಎಲ್ಲರ ಮುಂದೆ ಅವರ ಕ್ಷಮೆ ಕೇಳಿದೆ.

"ಸರಿ ಬುಡಿ. ಅವ್ವ, ಇನ್ಮೇಲೆ ಪೈಪು ಬಾನಿಗೆ ಆಕ್ಬ್ಯಾಡ" ಎಂದ ಯಜಮಾನ. ಅವನ ಪಾಲಿಗೆ ಅಲ್ಲಿಗೆ ಮುಗಿದಿತ್ತು.

ಅತ್ತೆ ಸೆರಗು ಸರಿಮಾಡಿಕೊಂಡು ಹಸುವಿನ ಕಡೆ ತಿರುಗಿ ನಿಂತರು. ಸೊಸೆಯ ಮುಖ ನೋಡಿದೆ. ಗೆದ್ದ ಕಳೆ ಅಲ್ಲಿರಲಿಲ್ಲ. ಕರಾರು ಮುರಿದ ಮಷೀನು ಆ ಮನೆಯಲ್ಲಿ ಎಷ್ಟು ದಿನ ನೆಮ್ಮದಿಯಿಂದ ಓಡೀತು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅರ್ಧ ಕೆಲಸ ಮಾಡಿ ಹೊರಟರೆ ಇನ್ನೊಂದು ತಿಂಗಳಿಗೆ ಬೇರೆ ನೆಪದಲ್ಲಿ ಟೆಂಪೋ ಬರುತ್ತದೆ ಎನಿಸಿತು.

"ಅಸೀಗೂ ಕಲಗಚ್ಚು ಬರ್ಬೇಕು, ನೆಲಾನೂ ಒಣಗಿರ್ಬೇಕು. ಎರಡು ಇಂಚಿನ ಪೈಪು ಇದ್ರೆ ಕೊಡಿ" ಎಂದೆ.

ಬೋರ್‌ವೆಲ್ ಕೆಲಸದಲ್ಲಿ ಉಳಿದ ಪಿವಿಸಿ ತುಂಡುಗಳಿದ್ದವು. ಒಂದನ್ನು ಗರಗಸದಲ್ಲಿ ಕುಯ್ದು, ಬಾನಿಯ ಪಕ್ಕದ ಗೋಡೆಗೆ ನೆಟ್ಟಗೆ ನಿಲ್ಲಿಸಿ ಕ್ಲಾಂಪು ಹೊಡೆದೆ. ಮೇಲಿನ ಬಾಯಿ ಬಾನಿಯ ಅಂಚಿಗಿಂತ ಒಂದು ಗೇಣು ಎತ್ತರ. ಅದಕ್ಕಿಂತ ಎತ್ತರಿಸಿದರೆ ಮಷೀನಿನ ಪುಟ್ಟ ಪಂಪು ನೀರೆತ್ತಲು ತಿಣುಕುತ್ತದೆ. ಕೆಳಗಿನ ತುದಿ ಬಾನಿಯ ನೀರಿನೊಳಗೆ, ಎರಚಲು ಹಸುವಿನ ಮುಖಕ್ಕೆ ಹಾರದಿರಲೆಂದು. ಮಷೀನಿನ ಸಣ್ಣ ಪೈಪನ್ನು ಈ ದೊಡ್ಡ ಪೈಪಿನ ಬಾಯಲ್ಲಿ ನಾಲ್ಕು ಬೆರಳು ಇಳಿಬಿಟ್ಟೆ. ಅದರ ಪಕ್ಕದಲ್ಲೇ ಸೋಪು ನೀರಿಗೆಂದು ಚರಂಡಿಗೆ ಇಳಿಯುವ ಇನ್ನೊಂದು ತುಂಡು. ನೋಡಲು ಚೆಂದ ಕಾಣಲಿ ಎಂದು ಬಾನಿಯ ಕಡೆಯ ದೊಡ್ಡ ಪೈಪಿನ ಬಾಯಿಗೂ ಅದರೊಳಗಿನ ಸಣ್ಣ ಪೈಪಿಗೂ ನಡುವಿನ ಸಂದಿಗೆ ಹಳೆಯ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿದೆ. ಬಾನಿಯನ್ನು ಅಂಚಿನವರೆಗೆ ತುಂಬಿಸಿ ಮಷೀನು ಓಡಿಸಿದೆ.

ನಿಂತ ಮೇಲೆ ಸೋರಿತು.

ಯಜಮಾನ ನಕ್ಕ. ಈ ಹತ್ತು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು, ಅದೂ ನನ್ನನ್ನು ನೋಡಿ. ನಾನು ಬಾನಿಯ ಮುಂದೆ ನಿಂತು ತಲೆ ಕೆರೆದುಕೊಂಡೆ. ಆಮೇಲೆ ಸೈಕಲ್ ಟ್ಯೂಬು ನೋಡಿ ನನಗೂ ನಗು ಬಂತು. ಗಾಳಿ ಹೋಗಲೆಂದು ಮಾಡಿದ ಸಂದಿಯನ್ನು ನಾನೇ ಕೈಯಾರೆ ಮುಚ್ಚಿದ್ದೆ. ಗಾಳಿ ಸಿಕ್ಕಿದರೆ ಮಾತ್ರ ಆ ಎಳೆತ ಮುರಿಯುವುದು. ರಿಪೇರಿಯವನಿಗಾಗಿ ಅತ್ತೆ ಮಾಡಿದ ಅಚ್ಚುಕಟ್ಟು ಒಂದು ಕಡೆ, ನನ್ನ ಅಚ್ಚುಕಟ್ಟು ಇನ್ನೊಂದು ಕಡೆ. ಟ್ಯೂಬು ಕಿತ್ತು ಬಿಸಾಡಿದೆ. ಮತ್ತೆ ಓಡಿಸೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ಮೂರು ಗಂಟೆಗೆ ಬರುತ್ತದೆ ಎಂದರು. ಅಷ್ಟರಲ್ಲಿ ಮಧ್ಯಾಹ್ನದ ಊಟವಾಯಿತು. ಸೊಪ್ಪು ಕಟ್ಟುವ ಹೆಂಗಸರ ಪಂಕ್ತಿಯಲ್ಲೇ ನನಗೂ ಮುದ್ದೆ, ಹುರುಳಿ ಸಾರು ಬಡಿಸಿದರು. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಸಿದೆ. ಒಬ್ಬಾಕೆ ನನ್ನ ತಟ್ಟೆ ನೋಡಿ, "ಪೂರ್ತಿ ಉಣ್ಣಿ ಸ್ವಾಮಿ, ಬುಟ್ರೆ ಅದೂ ಮಿಷನ್ನಿಗೆ ಸಿಕ್ಕೊಳ್ತದೆ" ಎಂದಳು. ಎಲ್ಲರೂ ನಕ್ಕರು.

ಕರೆಂಟು ಬಂತು. ಹದಿನಾರು ಜನರ ಎಂಜಲು ತಟ್ಟೆ ಪಾತ್ರೆ ಮಷೀನಿನೊಳಗೆ ಹೋಯಿತು. ಬಾನಿ ತುಳುಕುವಷ್ಟು ತುಂಬಿತ್ತು. ಪಂಪು ಬಿಟ್ಟ ನೀರು ದೊಡ್ಡ ಪೈಪಿನಲ್ಲಿ ದಡದಡ ಇಳಿಯಿತು, ಹಸು ಮುಖ ಇಟ್ಟಿತು. ಮಷೀನು ನಿಂತಿತು. ನಾವೆಲ್ಲ ಬಾಗಿಲ ಅಡಿಯನ್ನೇ ನೋಡುತ್ತ ನಿಂತೆವು. ಐದು ನಿಮಿಷ ಆಯಿತು, ಹತ್ತು ಆಯಿತು. ಅತ್ತೆ ಕಷ್ಟಪಟ್ಟು ಬಗ್ಗಿ, ಅಂಗೈಯನ್ನು ಮಷೀನಿನ ಅಡಿಗೆ ತೂರಿಸಿ, ನೆಲ ಸವರಿ, ಕೈ ಮೂಸಿ ನೋಡಿದರು.

"ಒಣಗದೆ" ಎಂದರು.

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿಹೋಗುವುದೊಂದು ಬಾಕಿ. ಅತ್ತೆ ಹಿತ್ತಲಿಗೆ ಹೋಗಿ ಪೈಪನ್ನು ಚರಂಡಿಯ ತುಂಡಿಗೆ ಬದಲಾಯಿಸಿ ಬಂದು, ಪುಡಿಯ ಡಬ್ಬಕ್ಕೆ ಕೈ ಹಾಕಿದ್ದ ಸೊಸೆಯ ಕೈಯಿಂದ ಅದನ್ನು ತೆಗೆದುಕೊಂಡರು.

"ನೀ ಕೈಗೆ ಎಣ್ಣೆ ಅಚ್ಕೊ ಓಗು. ಇದ್ನೆಲ್ಲಿಗೆ ಆಕ್ಬೇಕು ಅಂತ ತೋರ್ಸು, ನಾನು ಆಕ್ತೀನಿ. ಪೈಪು ನಂದು, ಪುಡೀನೂ ನಂದೇ ಇರ್ಲಿ."

ಭಾನುವಾರ ಟೆಂಪೋ ಮೈಸೂರಿಗೆ ಖಾಲಿ ಹೋಯಿತು.

ಎರಡು ತಿಂಗಳಾಗಿರಬೇಕು. ಅಂಗಡಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದೆ. ಅತ್ತೆ ಸೊಸೆ ಇಬ್ಬರೂ ಪೇಟೆಗೆ ಬಂದವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಮತ್ತೆ ಸೋರಿತೇ ಎಂದುಕೊಂಡು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಸೊಸೆ ಎರಡೂ ಕೈಯನ್ನು ಕೌಂಟರಿನ ಮೇಲೆ ಚಾಚಿದರು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ.

"ಎರಡು ವರ್ಸ ಆಗಿತ್ತು ಅಣ್ಣ, ಗಾಜಿನ್ ಬಳೆ ತೊಟ್ಟು. ಬಳೆ ಏರ್ಸೋಕೆ ಕೈ ಇಂಡಿದ್ರೆ ಬಿರುಕು ಒಡ್ದು ರಕ್ತ ಬತ್ತಿತ್ತು, ಬಳೆಯವ್ರೇ ಬ್ಯಾಡ ಅಂತಿದ್ರು. ಇವತ್ತು ಬಳೆಗಾರ ಇಂಡಿ ಇಂಡಿ ತೊಡಿಸ್ದ, ಒಂಚೂರೂ ಉರೀಲಿಲ್ಲ" ಎಂದರು.